ಎಂಟನೇ ತರಗತಿ ತನಕ ಕಾಯಬೇಡಿ

(ಕೊಪ್ಪಳ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲಾ ಶಿಕ್ಷಕರು, ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿಯ ಸದಸ್ಯರು ಮತ್ತು ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಹದಿಹರೆಯದಲ್ಲಿ ಮಕ್ಕಳ ಮೈಯಲ್ಲಾಗುವ ಬದಲಾವಣೆ. ಅದು ಗೊತ್ತಾದ ಕೂಡಲೇ ಹಿಂದಿನ ಸಾಲಿನ ಅಪ್ಪಂದಿರು ಚಹಾದ ನೆಪ ಹೇಳಿ ಏಳುವುದುಂಟು. ದಯವಿಟ್ಟು ಏಳಬೇಡಿ. ಅರ್ಧ ಮಾತು ಗಂಡುಮಕ್ಕಳದ್ದು, ಅದನ್ನು ಮನೆಗೆ ಒಯ್ಯಬೇಕಾದವರು ನೀವೇ.

8ನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಹದಿಹರೆಯದ ಪಾಠವಿದೆ. ಪಾಠ ಚೆನ್ನಾಗಿಯೇ ಇದೆ, ಬರುವುದು ತಡ. ಹೆಣ್ಣುಮಕ್ಕಳ ಮೈಯಲ್ಲಿ ಬದಲಾವಣೆ ಶುರುವಾಗುವುದು 8ರಿಂದ 13 ವರ್ಷದೊಳಗೆ, ಗಂಡುಮಕ್ಕಳಲ್ಲಿ 9ರಿಂದ 14ರೊಳಗೆ. ಆ ಪಾಠ ಓದುವ ಮಗುವಿಗೆ 13 ತುಂಬಿರುತ್ತದೆ. ಅಷ್ಟೊತ್ತಿಗೆ ಎಷ್ಟೋ ಹುಡುಗಿಯರು ದೊಡ್ಡವರಾಗಿ, ಆರತಿ ಮಾಡಿಸಿಕೊಂಡು ವರ್ಷ ಕಳೆದಿರುತ್ತದೆ. ಮುಂಚೆ ಏನೂ ಗೊತ್ತಿಲ್ಲದ ಮಗು ಬಟ್ಟೆಯಲ್ಲಿ ರಕ್ತ ಕಂಡರೆ ಗಾಯವಾಗಿದೆ ಅಂದುಕೊಳ್ಳುತ್ತದೆ, ಇಲ್ಲವೇ ದೊಡ್ಡ ರೋಗ ಬಂತು ಅಂದುಕೊಳ್ಳುತ್ತದೆ, ಇಲ್ಲವೇ ತಾನೇನೋ ತಪ್ಪು ಮಾಡಿದೆ ಅಂದುಕೊಳ್ಳುತ್ತದೆ. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಹಾಗಂದುಕೊಂಡ ಮಗು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. 5ನೇ ತರಗತಿ ಮುಗಿಯುವುದರೊಳಗೆ ಹೇಳಿಬಿಡಿ, ಹುಡುಗರಿಗೂ ಹುಡುಗಿಯರಿಗೂ ಅದನ್ನೇ ಹೇಳಿ. ಇಷ್ಟನ್ನು ಕೇಳಿಕೊಳ್ಳಲಿಕ್ಕೇ ಬಂದಿದ್ದೇವೆ.

"ಅಷ್ಟು ಸಣ್ಣ ಹುಡುಗರಿಗೆ ಇದನ್ನೆಲ್ಲ ಹೇಳಿದ್ರ ಕೆಡಂಗಿಲ್ಲೇನ್ರಿ?" ಎಂಬ ಪ್ರಶ್ನೆ ಎಲ್ಲ ಸಭೆಯಲ್ಲೂ ಬರುತ್ತದೆ. ಕೇಳಬೇಕಾದ ಪ್ರಶ್ನೆಯೇ. ಎಲ್ಲವನ್ನೂ ಒಂದೇ ಸಲ ಸುರಿಯಿರಿ ಅಂತ ಯಾರೂ ಹೇಳುತ್ತಿಲ್ಲ. ಐದಾರು ವರ್ಷದ ಮಗುವಿಗೆ ಮೈಯ ಅಂಗಗಳ ಹೆಸರು ಸಾಕು, ಜೊತೆಗೆ ಚಡ್ಡಿಯೊಳಗಿನ ಜಾಗವನ್ನು ಬೇರೆಯವರು ಮುಟ್ಟಬಾರದು, ನೋಡಬಾರದು, ತಮ್ಮದನ್ನು ತೋರಿಸಬಾರದು ಎಂಬ ತಿಳಿವಳಿಕೆ. ವೈದ್ಯರು ನೋಡುವುದಿದ್ದರೂ ಅವ್ವನೋ ಅಪ್ಪನೋ ಪಕ್ಕದಲ್ಲಿರಬೇಕು. ಎಂಟು–ಒಂಬತ್ತಕ್ಕೆ ಎರಡೇ ಮಾತು: "ಇನ್ನು ಸ್ವಲ್ಪ ವರ್ಷಕ್ಕೆ ನಿನ್ನ ಮೈ ಬದಲಾಗ್ತೈತಿ, ಅಕ್ಕಗೂ ಆತು, ಎಲ್ಲಾರಿಗೂ ಆಗ್ತೈತಿ. ಏನಾರ ಹೊಸದು ಕಂಡ್ರ ನನಗ ಹೇಳು." ಹತ್ತು–ಹನ್ನೊಂದಕ್ಕೆ ಮುಟ್ಟು, ಪ್ಯಾಡ್, ದನಿ ಒಡೆಯುವುದು, ನಿದ್ದೆಯಲ್ಲಿ ವೀರ್ಯ ಹೋಗುವ ಸ್ವಪ್ನಸ್ಖಲನ. ಗರ್ಭ ಹೇಗೆ ನಿಲ್ಲುತ್ತದೆ, ಮದುವೆಯ ಕಾನೂನು ಏನು ಎಂಬುದು ಹದಿಮೂರರ ನಂತರ. ನಡುವೆ ಮಗುವೇ ಏನಾದರೂ ಕೇಳಿದರೆ ನಿಜವಾದ, ಚಿಕ್ಕ ಉತ್ತರ ಕೊಡಿ. ಮತ್ತೆ ಕೇಳಿದರೆ ಇನ್ನೊಂದು ಚಿಕ್ಕ ಉತ್ತರ. ಗದರಿಸಿದರೆ ಎರಡನೇ ಸಲ ನಿಮ್ಮನ್ನು ಕೇಳುವುದಿಲ್ಲ, ಮೊಬೈಲನ್ನು ಕೇಳುತ್ತದೆ.

ಅಂಗಗಳ ಹೆಸರಿನ ವಿಷಯ ಸಣ್ಣದೆಂದು ತೋರಬಹುದು. ಒಂದು ಉದಾಹರಣೆ ನೋಡಿ. 12ರಿಂದ 18ರ ವಯಸ್ಸಿನ ಹುಡುಗರಲ್ಲಿ ಕೆಲವೊಮ್ಮೆ ವೃಷಣ ಒಳಗೇ ತಿರುಚಿಕೊಂಡು ರಕ್ತದ ಹರಿವು ನಿಂತುಬಿಡುತ್ತದೆ. ಒಮ್ಮೆಲೇ ಒಂದು ಬದಿಗೆ ತಡೆಯಲಾರದ ನೋವು, ಬಾವು, ವಾಂತಿ. ಸುಮಾರು 6 ತಾಸಿನೊಳಗೆ ಶಸ್ತ್ರಚಿಕಿತ್ಸೆ ಆದರೆ ವೃಷಣ ಉಳಿಯುತ್ತದೆ, ಹೊತ್ತು ಮೀರಿದಷ್ಟೂ ಉಳಿಯುವ ಸಾಧ್ಯತೆ ಇಳಿಯುತ್ತದೆ. ಆ ಜಾಗದ ಹೆಸರು ಹೇಳಲು ನಾಚುವ ಹುಡುಗ "ಹೊಟ್ಟಿ ನೋವು" ಅನ್ನುತ್ತಾನೆ. ಮನೆಯಲ್ಲಿ ಓಮ ತಿನ್ನಿಸುತ್ತಾರೆ, ಬೆಳಗಾದರೆ ನೋಡೋಣ ಅನ್ನುತ್ತಾರೆ. ಕುಷ್ಟಗಿ ಕಡೆಯ ಹಳ್ಳಿಯಿಂದ ಕೊಪ್ಪಳಕ್ಕೆ, ಲಿಂಗಸುಗೂರು ಕಡೆಯಿಂದ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೆ ಬರುವಷ್ಟರಲ್ಲೇ ಆ 6 ತಾಸಿನಲ್ಲಿ ಒಂದು ಪಾಲು ದಾರಿಗೆ ಹೋಗುತ್ತದೆ. ಹುಡುಗನ ಬಾಯಲ್ಲಿ ಆ ಒಂದು ಪದ ಇದ್ದಿದ್ದರೆ ರಾತ್ರಿಯೇ ಗಾಡಿ ಹೊರಡುತ್ತಿತ್ತು. ಹೊಟ್ಟೆ ನೋವೆಂದು ಒದ್ದಾಡುವ ಹುಡುಗನನ್ನು "ಕೆಳಗೂ ನೋವೈತೇನು?" ಎಂದು ಅಪ್ಪ ಕೇಳಲೇಬೇಕು.

ಈಗ ಹುಡುಗಿಯರ ಮಾತು. ಮೊದಲು ಕಾಣಿಸುವುದು ಎದೆಯ ಮೊಗ್ಗು. ಮೊಲೆತೊಟ್ಟಿನ ಕೆಳಗೆ ಗುಂಡಿಯಷ್ಟು ಗಟ್ಟಿ ಗಂಟು, ಮುಟ್ಟಿದರೆ ನೋವು. ಹಲವರಿಗೆ ಒಂದು ಬದಿಗೆ ಮೊದಲು ಬರುತ್ತದೆ, ಇನ್ನೊಂದು ಬದಿಗೆ ಕೆಲವು ತಿಂಗಳ ನಂತರ. ಗಡ್ಡೆ ಇರಬಹುದೆಂದು ಹೆದರಿ ಮಗುವನ್ನು ಕರೆದುಕೊಂಡು ದವಾಖಾನೆಗೆ ಓಡುವ ತಾಯಂದಿರಿದ್ದಾರೆ. ಹಿಚುಕಬಾರದು, ಎಣ್ಣೆ ಹಚ್ಚಿ ತಿಕ್ಕಬಾರದು, ಮೆತ್ತನೆಯ ಹತ್ತಿಯ ಒಳ ಅಂಗಿ ಸಾಕು. ಈ ಮೊಗ್ಗು ಕಂಡು ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು. ಅದಕ್ಕೆ ಆರು ತಿಂಗಳು, ವರ್ಷ ಮುಂಚೆ ಬಿಳಿಯ ಲೋಳೆ ಹೋಗತೊಡಗುತ್ತದೆ. ವಾಸನೆ, ತುರಿಕೆ ಇಲ್ಲದಿದ್ದರೆ ಅದು ರೋಗವಲ್ಲ. ಹಾಗಾಗಿ ತಾಯಿಗೆ ಸೂಚನೆ ಮೊದಲೇ ಸಿಗುತ್ತದೆ. ಮೊಗ್ಗು ಕಂಡ ತಿಂಗಳೇ ಕೂರಿಸಿಕೊಂಡು ಮಾತಾಡಿದರೂ ತಡವಾಗಲಿಲ್ಲ.

ಮಕ್ಕಳಿಗೆ ದೊಡ್ಡ ಭಯ ರಕ್ತದ್ದು. ಮೈಯ ರಕ್ತವೆಲ್ಲ ಹರಿದುಹೋಗುತ್ತದೆ ಅಂದುಕೊಂಡಿರುತ್ತಾರೆ. ತರಗತಿಯಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳಬೇಡಿ, ತೋರಿಸಿ. ಕೆಮ್ಮಿನ ಔಷಧದ ಬಾಟಲಿ ಮೇಲೆ ಬರುವ ಅಳತೆಯ ಮುಚ್ಚಳ ತೆಗೆದುಕೊಳ್ಳಿ, 10 ಮಿಲಿಯ ಗೆರೆ ನೋಡಿಕೊಳ್ಳಿ. ಒಂದು ಲೋಟ ನೀರಿಗೆ ಚಿಟಿಕೆ ಕುಂಕುಮ ಕಲಸಿ. ಹೊಸ ಚಡ್ಡಿಯೊಂದನ್ನು ಮೇಜಿನ ಮೇಲೆ ಹರಡಿ, ಪ್ಯಾಡಿನ ಹಿಂದಿನ ಕಾಗದ ಸುಲಿದು ಅಂಟಿಸಿ, ರೆಕ್ಕೆಗಳಿದ್ದರೆ ಕೆಳಗೆ ಮಡಚಿ. ಅಂಟು ಬಟ್ಟೆಗೆ, ಮೆತ್ತನೆಯ ಬದಿ ಮೈಗೆ. ಇದನ್ನು ತಿರುವುಮುರುವು ಮಾಡಿ ನರಳಿದ ಹುಡುಗಿಯರಿದ್ದಾರೆ, ಯಾಕೆಂದರೆ ಪೊಟ್ಟಣ ಕೊಟ್ಟವರು ಹಾಕುವುದನ್ನು ತೋರಿಸಿರಲಿಲ್ಲ. ಈಗ ಮುಚ್ಚಳದಿಂದ ಒಂದೊಂದಾಗಿ ಸುರಿಯಿರಿ. ಮೂರು, ನಾಲ್ಕು ಮುಚ್ಚಳ. ಒಂದು ಮುಟ್ಟಿನ ಎಲ್ಲ ದಿನ ಸೇರಿ ಹೋಗುವ ರಕ್ತ ಸಾಮಾನ್ಯವಾಗಿ ಅಷ್ಟೇ, 30–40 ಮಿಲಿ. 80 ಮಿಲಿ ದಾಟಿದರೆ ಹೆಚ್ಚು. ಗರ್ಭಕೋಶದ ಒಳಪದರ, ಲೋಳೆ ಸೇರಿರುವುದರಿಂದ ನೋಡಲು ಜಾಸ್ತಿ ಕಾಣುತ್ತದೆ. ಮೂರನೇ ಮುಚ್ಚಳ ಸುರಿಯುವಾಗ ತರಗತಿಯಲ್ಲಿ ನಗುವುದು ನಿಂತಿರುತ್ತದೆ, ಎಲ್ಲರೂ ಪ್ಯಾಡನ್ನೇ ನೋಡುತ್ತಿರುತ್ತಾರೆ. ಕಣ್ಣು ಕಾಣದ ಮಕ್ಕಳಿದ್ದರೆ ಒಣ ಪ್ಯಾಡನ್ನು ಅವರ ಕೈಗೆ ಕೊಟ್ಟು ಅಂಟು, ರೆಕ್ಕೆ, ಮೆತ್ತನೆ ಬದಿ ಮುಟ್ಟಿಸಿ. ಬುದ್ಧಿ ಬೆಳವಣಿಗೆ ನಿಧಾನವಿರುವ ಮಕ್ಕಳಿಗೆ ಮುಟ್ಟು ಬರುವ ಮುಂಚೆಯೇ ಮನೆಯಲ್ಲಿ ದಿನಾ ಒಂದು ತಾಸು ಪ್ಯಾಡ್ ಹಾಕಿ ರೂಢಿ ಮಾಡಿಸಬೇಕು.

ದಿನ ಎಣಿಸುವುದರಲ್ಲಿ ಬಹುತೇಕ ಮನೆಯಲ್ಲಿ ಲೆಕ್ಕ ತಪ್ಪುತ್ತದೆ. ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ. ಎಣಿಸಬೇಕಾದ್ದು ಶುರುವಾದ ದಿನದಿಂದ ಮುಂದಿನದು ಶುರುವಾಗುವ ದಿನಕ್ಕೆ. ಜೂನ್ 4ಕ್ಕೆ ಶುರುವಾಗಿ ಮತ್ತೆ ಜುಲೈ 6ಕ್ಕೆ ಬಂದರೆ ಅದು 32 ದಿನದ ಚಕ್ರ. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನ ಚುಕ್ಕಿ ಸಾಕು. ಮೊದಲ ಎರಡು–ಮೂರು ವರ್ಷ 21ರಿಂದ 45 ದಿನದ ನಡುವೆ ಹಿಂದುಮುಂದಾಗುವುದು ಸಹಜ, ಹರಿವು 2ರಿಂದ 7 ದಿನ. ತಾಸೆರಡು ತಾಸಿಗೊಂದು ಪ್ಯಾಡ್ ತೊಯ್ದರೆ, 7 ದಿನ ದಾಟಿದರೆ, 90 ದಿನ ಬಾರದೇ ಹೋದರೆ, ಪ್ರತಿ ತಿಂಗಳೂ ಶಾಲೆ ತಪ್ಪುವಷ್ಟು ನೋವಿದ್ದರೆ ವೈದ್ಯರ ಹತ್ತಿರ ಹೋಗಬೇಕು. 8 ವರ್ಷಕ್ಕೆ ಮುಂಚೆಯೇ ಎದೆ ಬೆಳೆದರೆ, 13 ಆದರೂ ಬೆಳೆಯದಿದ್ದರೆ, 15 ತುಂಬಿದರೂ ಮುಟ್ಟಾಗದಿದ್ದರೆ ಆಗಲೂ ಅಷ್ಟೇ. ತಾಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ಯಾಡೋ ಬಟ್ಟೆಯೋ ಎಂಬ ಜಗಳ ನಮಗೆ ಬೇಡ. ಹತ್ತಿಯ ಬಟ್ಟೆ ಒಳ್ಳೆಯದೇ. ಪಾಲಿಯೆಸ್ಟರ್ ಸೀರೆಯ ತುಂಡು ಹೀರುವುದಿಲ್ಲ, ತೊಡೆ ಉಜ್ಜಿ ಹುಣ್ಣಾಗುತ್ತದೆ. ಬಳಸಿದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಬೇಕು, ಬಿಸಿನೀರಿಗೆ ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸಾಬೂನು, ಆಮೇಲೆ ನೇರ ಬಿಸಿಲು. ಬಿಸಿಲಿಗೆ ನಮ್ಮಲ್ಲೇನು ಬರವೇ? ಆದರೂ ಬಟ್ಟೆ ಒಣಗುವುದು ಹಾಸಿಗೆಯ ಕೆಳಗೆ, ಬಚ್ಚಲ ಮೂಲೆಯಲ್ಲಿ, ಇನ್ನೊಂದು ಸೀರೆಯ ಅಡಿಯಲ್ಲಿ. ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಅರೆಬರೆ ಒಣಗಿದ ಬಟ್ಟೆಯಿಂದಲೇ ತುರಿಕೆ, ಸೋಂಕು. ಈ ರೋಗಕ್ಕೆ ಮದ್ದು ಅಪ್ಪಂದಿರ ಕೈಯಲ್ಲಿದೆ: ಮಾಳಿಗೆಯ ಮೇಲೆ ಒಂದು ಹಗ್ಗ ಕಟ್ಟಿಕೊಟ್ಟು, ಅದರ ಬಗ್ಗೆ ಏನೂ ಅನ್ನದಿರುವುದು.

ಪ್ಯಾಡ್ ಇರಲಿ ಬಟ್ಟೆ ಇರಲಿ, 4ರಿಂದ 6 ತಾಸಿಗೊಮ್ಮೆ ಬದಲಿಸಲೇಬೇಕು, ಹರಿವು ಕಡಿಮೆಯಿದ್ದರೂ. ಹಳ್ಳಿಯಿಂದ ಬಸ್ಸು ಹಿಡಿದು ಎಂಟೂವರೆಗೆ ಮನೆ ಬಿಟ್ಟ ಹುಡುಗಿ ಸಂಜೆ ಐದಕ್ಕೆ ಮನೆ ಸೇರುತ್ತಾಳೆ. ಅಂದರೆ ಶಾಲೆಯಲ್ಲಿ ಒಮ್ಮೆಯಾದರೂ ಬದಲಿಸಬೇಕು. ಶೌಚಾಲಯದ ಮಾತಿಗೆ ಕೊನೆಗೆ ಬರುತ್ತೇವೆ.

ಮೈ ನೆರೆದ ಆರತಿ ಬೇಡ ಅನ್ನುವವರು ನಾವಲ್ಲ. ಕೊಬ್ಬರಿ, ಬೆಲ್ಲ, ಅಂಟಿನ ಉಂಡಿ, ಶೇಂಗಾ, ತುಪ್ಪ ಹೊಟ್ಟೆ ತುಂಬ ತಿನ್ನಿಸುವ ಪದ್ಧತಿ ಬೆಳೆಯುವ ಮಗುವಿಗೆ ಒಳ್ಳೆಯದೇ. ಆದರೆ ಹುಡುಗಿಯ ಫೋಟೊ ಹಾಕಿ ಫ್ಲೆಕ್ಸ್ ಕಟ್ಟುವುದು, ಸ್ಟೇಟಸ್‌ನಲ್ಲಿ ಹಾಕುವುದು ಯಾಕೆ? ಸೋಮವಾರ ಅದೇ ಮಗು ಅದೇ ಹುಡುಗರ ಜೊತೆ ಬೆಂಚಿನಲ್ಲಿ ಕೂರಬೇಕು. ಮಾಡುವ ಮುಂಚೆ ಅವಳನ್ನು ಒಂದು ಮಾತು ಕೇಳಿ. ಮೂಲೆಗೆ ಕೂರಿಸಿ ವಾರಗಟ್ಟಲೆ ಶಾಲೆ ಬಿಡಿಸುವುದಂತೂ ಬೇಡವೇ ಬೇಡ. ಹಾಗೆ ಬಿಟ್ಟ ಶಾಲೆ ಕೆಲವು ಮನೆಗಳಲ್ಲಿ ಬಿಟ್ಟೇ ಹೋಗುತ್ತದೆ, ಯಾಕೆಂದರೆ ಆರತಿಗೆ ಬಂದ ನೆಂಟರಲ್ಲೇ ಒಬ್ಬರು ಗಂಡು ತೋರಿಸಿರುತ್ತಾರೆ. ಮುಟ್ಟು ಶುರುವಾಯಿತೆಂದರೆ ಮೈ ಬಲಿತಿತು ಅಂತಲ್ಲ, ಎಲುಬು, ಸೊಂಟದ ಗೂಡು ಅದರ ನಂತರವೂ ವರ್ಷಗಟ್ಟಲೆ ಬೆಳೆಯುತ್ತಿರುತ್ತವೆ. ಕಾನೂನು ಹುಡುಗಿಗೆ 18, ಹುಡುಗನಿಗೆ 21 ಅನ್ನುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿಂದಲೇ ಅನೂರ್ಜಿತ, ಅಂದರೆ ಕಾನೂನಿನ ಕಣ್ಣಲ್ಲಿ ಆ ಮದುವೆ ಆಗಿಯೇ ಇಲ್ಲ.

ರಕ್ತಹೀನತೆಯ ಬಗ್ಗೆ ಎರಡು ಮಾತು. ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ 59.1 ಶೇಕಡಾ, ಗಂಡುಮಕ್ಕಳಲ್ಲಿ 31.1 ಶೇಕಡಾ ಮಂದಿಗೆ ರಕ್ತ ಕಡಿಮೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಹುಡುಗರದ್ದೂ ಕಡಿಮೆ ಸಂಖ್ಯೆಯೇನಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯಲು ಕಾರಣ ಎರಡೇ: ಖಾಲಿ ಹೊಟ್ಟೆಯಲ್ಲಿ ನುಂಗಿ ಹೊಟ್ಟೆ ತೊಳಸಿದ್ದು, ಮರುದಿನ ಮಲ ಕಪ್ಪಗೆ ಹೋಗಿ ಹೆದರಿದ್ದು. ಬಿಸಿಯೂಟದ ನಂತರ ಕೊಡಿ, ಶಿಕ್ಷಕರ ಎದುರೇ ನುಂಗಲಿ, ಕಪ್ಪಗಾಗುವುದನ್ನು ಮೊದಲೇ ಹೇಳಿಡಿ. ಮಾತ್ರೆಯ ಹಿಂದುಮುಂದು ಒಂದು ತಾಸು ಚಹಾ ಬೇಡ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆಹುಳಿ, ನೆಲ್ಲಿಕಾಯಿ ಹತ್ತಿಸುತ್ತವೆ. ಸಜ್ಜಿ ರೊಟ್ಟಿ, ಕಾಳು, ಸೊಪ್ಪಿನ ಪಲ್ಯದ ಊಟದ ಮೇಲೆ ನಿಂಬೆ ಹಿಂಡಿದರೂ ಸಾಕು. ವರ್ಷಕ್ಕೆರಡು ಸಲ 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಂತಿನ ಮಾತ್ರೆಯನ್ನೂ ತಪ್ಪಿಸಬೇಡಿ, ಕೊಕ್ಕೆಹುಳು ರಕ್ತ ಹೀರುತ್ತಿದ್ದರೆ ನೀಲಿ ಮಾತ್ರೆಯ ಲಾಭ ಅರ್ಧ ಅಲ್ಲೇ ಸೋರುತ್ತದೆ.

ಇನ್ನು ಗಂಡುಮಕ್ಕಳು. ಇವರಿಗೆ ಯಾರೂ ಏನೂ ಹೇಳುವುದಿಲ್ಲ. ಹೇಳುವುದು ಬಸ್ ನಿಲ್ದಾಣದ ಗೋಡೆ: ಧಾತು ದೌರ್ಬಲ್ಯ, ಗುಪ್ತರೋಗ, ಖಾತ್ರಿ ಚಿಕಿತ್ಸೆ. ಅದನ್ನು ಓದಿ ಓದಿ ಹದಿಮೂರರ ಹುಡುಗ ತನ್ನ ಮೈ ಸೋರಿಹೋಗುತ್ತಿದೆ ಎಂದು ನಂಬುತ್ತಾನೆ. ವಿಷಯ ಇಷ್ಟೇ. ವೃಷಣ ದೊಡ್ಡದಾಗುವುದೇ ಹುಡುಗರಲ್ಲಿ ಮೊದಲ ಗುರುತು, ಆಮೇಲೆ ಕೂದಲು, ಎತ್ತರ, ದನಿ. ವೀರ್ಯ ದಿನಾ ತಯಾರಾಗುತ್ತದೆ, ಆಗಾಗ ನಿದ್ದೆಯಲ್ಲಿ ತಾನೇ ಹೊರಗೆ ಹೋಗುತ್ತದೆ. ಅದಕ್ಕೆ ಸ್ವಪ್ನಸ್ಖಲನ ಅನ್ನುತ್ತಾರೆ. ಇದರಿಂದ ನಿಶ್ಶಕ್ತಿ ಬರುವುದಿಲ್ಲ, ನೆನಪು ಹೋಗುವುದಿಲ್ಲ, ಯಾವ ಪುಡಿಯೂ ಬೇಕಿಲ್ಲ. ಕೆಲವರಿಗೆ ಆಗುವುದೇ ಇಲ್ಲ, ಅದೂ ಸರಿಯೇ. ಹಾಸಿಗೆ ಒದ್ದೆಯಾದರೆ ವಿಚಾರಣೆ ನಡೆಸಬೇಡಿ, ತನ್ನ ಚಾದರ ತಾನು ಒಗೆದುಕೊಳ್ಳುವುದನ್ನು ಅದಕ್ಕೆ ಮುಂಚೆಯೇ ಕಲಿಸಿರಿ. ಸುಮಾರು ಅರ್ಧದಷ್ಟು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬುತ್ತದೆ, ನೋವೂ ಇರಬಹುದು. ಬಹುತೇಕ ಒಂದೆರಡು ವರ್ಷಕ್ಕೆ ತಾನೇ ಇಳಿಯುತ್ತದೆ. ಆ ಹುಡುಗ ಕಬಡ್ಡಿಗೆ ಅಂಗಿ ಬಿಚ್ಚಲು ಒಲ್ಲೆ ಅಂದರೆ ಬಲವಂತ ಮಾಡಬೇಡಿ. ದನಿ ಒಡೆದವನನ್ನು ಪ್ರಾರ್ಥನೆಗೆ ನಿಲ್ಲಿಸಿ ನಗಬೇಡಿ. ಎತ್ತರದ ಓಟ ಹುಡುಗಿಯರಿಗಿಂತ ಸುಮಾರು ಎರಡು ವರ್ಷ ತಡ, ಹಾಗಾಗಿ 7ನೇ ತರಗತಿಯ ಫೋಟೊದಲ್ಲಿ ಹುಡುಗಿಯರೇ ಹಿಂದಿನ ಸಾಲಿನಲ್ಲಿ ನಿಂತಿರುತ್ತಾರೆ. 14 ತುಂಬಿದರೂ ಯಾವ ಬದಲಾವಣೆಯೂ ಕಾಣದಿದ್ದರೆ, 9ಕ್ಕೆ ಮುಂಚೆಯೇ ಕಂಡರೆ ತೋರಿಸಬೇಕು. ಮೊಡವೆ, ಬೆವರಿನ ವಾಸನೆಗೆ ದಿನಾ ಸ್ನಾನ, ಒಗೆದ ಬನಿಯನ್, ಮೊಡವೆ ಹಿಚುಕಬಾರದು.

ಶಿಕ್ಷಕರಿಗೆ ಈಗ. ಇದನ್ನು ಒಂದು ಪೀರಿಯಡ್‌ನಲ್ಲಿ ಮುಗಿಸಲು ಹೋಗಬೇಡಿ, 40 ನಿಮಿಷದ ಮೂರು ಪೀರಿಯಡ್ ಇಟ್ಟುಕೊಳ್ಳಿ. ವಾರ ಮುಂಚೆ ಎಸ್‌ಡಿಎಂಸಿ ಸಭೆಯಲ್ಲಿ ಪಾಲಕರಿಗೆ ಅದೇ ಚಾರ್ಟ್ ತೋರಿಸಿ, ಅದೇ ಮಾತು ಹೇಳಿ. ಏನು ಹೇಳುತ್ತಾರೋ ಎಂಬ ಗುಮಾನಿಯೇ ಅರ್ಧ ವಿರೋಧಕ್ಕೆ ಕಾರಣ. ಮೊದಲ ಪೀರಿಯಡ್ ಹುಡುಗರು ಹುಡುಗಿಯರು ಒಟ್ಟಿಗೆ: ಎತ್ತರ, ಬೆವರು, ಮೊಡವೆ, ಸಿಟ್ಟು, ನಾಚಿಕೆ. ಎರಡನೆಯದು ಬೇರೆ ಬೇರೆ ಕೋಣೆಯಲ್ಲಿ, ಆದರೆ ಚಾರ್ಟ್ ಅದೇ, ಪಾಠ ಅದೇ; ಬೇರೆ ಕೂರಿಸುವುದು ಪ್ರಶ್ನೆ ಹೊರಬರಲಿ ಎಂದಷ್ಟೇ. ಮೂರನೆಯದು ಮತ್ತೆ ಒಟ್ಟಿಗೆ. ಹುಡುಗಿಯರನ್ನು ಒಳಗೆ ಕರೆದು ಬಾಗಿಲು ಹಾಕಿ, ಹುಡುಗರ ಕೈಗೆ ಚೆಂಡು ಕೊಟ್ಟು ಮೈದಾನಕ್ಕೆ ಅಟ್ಟುವ ಪದ್ಧತಿ ಇದೆಯಲ್ಲ, ಪೀಡಿಸುವ ಹುಡುಗರನ್ನು ತಯಾರು ಮಾಡುವುದೇ ಅದು. ಗುಟ್ಟು ಇದೆ ಎಂದು ನಾವೇ ತೋರಿಸಿಕೊಟ್ಟ ಹಾಗೆ.

ನಗು ಬರುತ್ತದೆ, ಬರಲಿ. ಪದವನ್ನು ಬೋರ್ಡಿನ ಮೇಲೆ ಬರೆದು, ಸಮದನಿಯಲ್ಲಿ ಮೂರು ಸಲ ಹೇಳಿ. ನಾಲ್ಕನೇ ಸಲಕ್ಕೆ ಅದು ಶ್ವಾಸಕೋಶ ಅಂದ ಹಾಗೇ ಕೇಳಿಸುತ್ತದೆ. "ಯಾರಿಗೆ ಶುರುವಾಗಿದೆ, ಕೈ ಎತ್ತಿ" ಎಂದು ಯಾವತ್ತೂ ಕೇಳಬೇಡಿ. ತರಗತಿಯ ಯಾವ ಮಗುವನ್ನೂ ಉದಾಹರಣೆಗೆ ಎಳೆಯಬೇಡಿ. ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದಾಗ ಹೆಸರು ಕೂಗಿ, ಸಾಲು ನಿಲ್ಲಿಸಿ, ಎಲ್ಲರೆದುರು ಸಹಿ ಹಾಕಿಸುವುದೂ ಬೇಡ, ಒಬ್ಬ ಶಿಕ್ಷಕಿ ಬಿಡುವಿನಲ್ಲಿ ಒಬ್ಬೊಬ್ಬರ ಬ್ಯಾಗಿಗೆ ಹಾಕಿ ಸಹಿ ಪಡೆಯಲಿ.

ಪ್ರಶ್ನೆ ಪೆಟ್ಟಿಗೆ ಇಡಿ. ಅದರಲ್ಲೂ ಒಂದು ಉಪಾಯ ಬೇಕು. ಪ್ರಶ್ನೆ ಇದ್ದವರು ಮಾತ್ರ ಚೀಟಿ ಹಾಕಿ ಅಂದರೆ ಯಾರೂ ಎದ್ದು ಬರುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯ ಚೀಟಿ, ಎಲ್ಲರಿಗೂ ಪೆನ್ಸಿಲ್. ಪ್ರಶ್ನೆ ಇಲ್ಲದವರು ಬಿಸಿಯೂಟದಲ್ಲಿ ಏನು ಇಷ್ಟ ಎಂದು ಬರೆಯಲಿ. ಎಲ್ಲರೂ ಬರೆಯುತ್ತಿದ್ದರೆ ಯಾರು ಏನು ಕೇಳಿದರೆಂದು ತಿಳಿಯುವುದಿಲ್ಲ. ಚೀಟಿಗಳನ್ನು ತರಗತಿಯಲ್ಲಿ ಬಿಚ್ಚಬೇಡಿ. ಮೊದಲು ಒಬ್ಬರೇ ಓದಿಕೊಂಡು, ಒಂದೇ ತರದ ಪ್ರಶ್ನೆಗಳನ್ನು ಕೂಡಿಸಿ, ಮರುದಿನ ಉತ್ತರ ಹೇಳಿ. ಗೊತ್ತಿಲ್ಲದ್ದಕ್ಕೆ "ಡಾಕ್ಟರನ್ನು ಕೇಳಿಕೊಂಡು ಬರುತ್ತೇನೆ" ಎಂದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಒಬ್ಬರೇ ಓದಿಕೊಳ್ಳಿ ಎಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಯಾವುದೋ ಒಂದು ಚೀಟಿಯಲ್ಲಿ ಯಾರೋ ತನ್ನನ್ನು ಮುಟ್ಟುತ್ತಾರೆ, ಫೋಟೊ ಕೇಳುತ್ತಾರೆ ಎಂದು ಬರೆದಿರಬಹುದು, ಅಥವಾ ಪಾಠದ ನಂತರ ಮಗುವೇ ಬಂದು ಹೇಳಬಹುದು. ಆಗ ಮುಖದಲ್ಲಿ ಗಾಬರಿ ತೋರಿಸಬೇಡಿ. ಪೂರ್ತಿ ಕೇಳಿ, ಅದರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. "ನೀನು ಹೇಳಿದ್ದು ಒಳ್ಳೆಯದಾಯ್ತು, ಇದರಲ್ಲಿ ನಿನ್ನ ತಪ್ಪಿಲ್ಲ" ಅನ್ನಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಆ ಮಾತನ್ನು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಮುಖ್ಯಗುರುಗಳು ಒಮ್ಮೆ, ಎಸ್‌ಡಿಎಂಸಿ ಅಧ್ಯಕ್ಷರು ಒಮ್ಮೆ ಎಂದು ಮಗುವಿನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಬೇಡಿ. ಆರೋಪಿಯನ್ನು ಕರೆಸಿ ಪಂಚಾಯ್ತಿ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ತುರ್ತಿದ್ದರೆ 112. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕೊನೆಗೆ ಶೌಚಾಲಯ. ಕಟ್ಟಡ ಇಲ್ಲದ ಶಾಲೆಗಿಂತ, ಕಟ್ಟಡ ಇದ್ದೂ ಬಳಸಲಾಗದ ಶಾಲೆಯ ತೊಂದರೆ ದೊಡ್ಡದು, ಯಾಕೆಂದರೆ ಕಾಗದದ ಮೇಲೆ ಎಲ್ಲ ಸರಿಯಿರುತ್ತದೆ. ಒಳಚಿಲಕ ಮುರಿದಿರುತ್ತದೆ, ಕೀಲಿ ಆಫೀಸಿನಲ್ಲಿರುತ್ತದೆ, ಏಪ್ರಿಲ್ ಬಂತೆಂದರೆ ಬೋರು ಬತ್ತಿರುತ್ತದೆ. ಹುಡುಗಿಯರು ಆ ಬಿಸಿಲಿನಲ್ಲೂ ನೀರು ಕುಡಿಯುವುದನ್ನೇ ಬಿಡುತ್ತಾರೆ, ಉರಿಮೂತ್ರ ಹಚ್ಚಿಕೊಳ್ಳುತ್ತಾರೆ. ಮುಚ್ಚಳದ ಬುಟ್ಟಿ ಇಲ್ಲದಿದ್ದರೆ ಪ್ಯಾಡ್ ಗುಂಡಿಗೆ ಬೀಳುತ್ತದೆ, ಪೈಪು ಕಟ್ಟುತ್ತದೆ, ಅಲ್ಲಿಗೆ ಶೌಚಾಲಯಕ್ಕೇ ಬೀಗ. ಬುಟ್ಟಿಯ ಪಕ್ಕ ಹಳೇ ಪತ್ರಿಕೆಯ ತುಂಡುಗಳಿರಲಿ, ಸುತ್ತಿ ಹಾಕಲು. ಅಂಗಳದಲ್ಲಿ ರಾಶಿ ಹಾಕಿ ಸುಡಬೇಡಿ, ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇದೆ, ಆ ಹೊಗೆ ತರಗತಿಗೇ ಬರುತ್ತದೆ. ಒಬ್ಬ ಶಿಕ್ಷಕಿಯ ಕಪಾಟಿನಲ್ಲಿ ಒಂದು ಡಬ್ಬಿ: ಪ್ಯಾಡ್ ಹತ್ತು, ಎರಡು–ಮೂರು ಅಳತೆಯ ಹೊಸ ಚಡ್ಡಿ, ಸಾಬೂನು, ಒಂದು ಕಡುಬಣ್ಣದ ವೇಲ್, ಬದಲಿಗೆ ಒಂದು ಪೈಜಾಮ. ಡಬ್ಬಿ ಎಲ್ಲಿದೆ ಎಂದು ಹುಡುಗರಿಗೂ ಗೊತ್ತಿರಲಿ, ತಂಗಿಯೊಬ್ಬಳಿಗೆ ಬೇಕಾದರೆ ಓಡಿಹೋಗಿ ಹೇಳಲಿಕ್ಕೆ.

ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯ್ತಿ ಮಕ್ಕಳ ಗ್ರಾಮಸಭೆ ನಡೆಸುತ್ತದೆ. ಮಕ್ಕಳ ಕೈಯಲ್ಲೇ ಅರ್ಜಿ ಬರೆಸಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಸ್ವೀಕೃತಿ ಪಡೆಯಿರಿ. "ಶೌಚಾಲಯ ದುರಸ್ತಿ" ಎಂದಷ್ಟೇ ಬರೆದರೆ ಸುಣ್ಣ ಬಳಿದು ಬಿಲ್ ಮಾಡುತ್ತಾರೆ. ಒಳಗಿನಿಂದ ಹಾಕುವ ಚಿಲಕ, ಬಟ್ಟೆ ತೂಗುಹಾಕಲು ಎರಡು ಮೊಳೆ, ಬಕೆಟ್ ಮತ್ತು ಮಗ್, ಮುಚ್ಚಳದ ಬುಟ್ಟಿ, ಬೇಸಿಗೆಗೆ ಟ್ಯಾಂಕರ್ ನೀರು ಹಿಡಿಯಲು ಸಿಂಟೆಕ್ಸ್ ಎಂದು ಬಿಡಿಬಿಡಿಯಾಗಿ ಬರೆಸಿ.